ಮೈನಸ್ 80ರ ಹಠ

ಜೀವವಿಜ್ಞಾನದ ಪ್ರಯೋಗಾಲಯಕ್ಕೆ ಹೊಸದಾಗಿ ಕಾಲಿಟ್ಟವರ ಕಿವಿಗೆ ಮೊದಲು ಬೀಳುವುದು ಒಂದು ಗುಂಯ್ ಸದ್ದು. ಗೋಡೆಗೆ ಆನಿಕೊಂಡು ಸಾಲಾಗಿ ನಿಂತ, ಬೀರುವಿನಷ್ಟೆತ್ತರದ ಫ್ರೀಜರ್‌ಗಳ ಸದ್ದು ಅದು. ಬಾಗಿಲು ತೆರೆದರೆ ಬಿಳಿ ಮಂಜು ಕಾಲ ಬಳಿಗೆ ಇಳಿಯುತ್ತದೆ. ಒಳಗೆ ಹಿಮ ಮೆತ್ತಿದ ರಟ್ಟಿನ ಡಬ್ಬಿಗಳು, ಡಬ್ಬಿಗಳೊಳಗೆ ಪ್ರಯೋಗದ ಮಾದರಿ ತುಂಬಿದ, ಕಿರುಬೆರಳಿಗಿಂತ ಚಿಕ್ಕ ಟ್ಯೂಬ್‌ಗಳು. ಹೊರಗಿನ ಫಲಕದಲ್ಲಿ ಹೊಳೆಯುವ ಅಂಕಿ: −80 ಡಿಗ್ರಿ ಸೆಲ್ಸಿಯಸ್. ಹಳೆಯ ಮಾದರಿಯ ಇಂಥ ಒಂದು ಫ್ರೀಜರ್ ದಿನಕ್ಕೆ 20 ಯೂನಿಟ್ ಆಸುಪಾಸು ವಿದ್ಯುತ್ ನುಂಗುತ್ತದೆ. ಒಂದು ಮನೆ ನಡೆಯುವಷ್ಟು.

ಈ 80 ಎಲ್ಲಿಂದ ಬಂತು? ಯಾರೋ ಅಳೆದು ನೋಡಿ ನಿಗದಿ ಮಾಡಿರಬೇಕು ಎಂದೇ ಹೆಚ್ಚಿನವರ ಊಹೆ. ಹಿಂದೆ ಇಂಥ ಫ್ರೀಜರ್‌ಗಳನ್ನು −65, −70ರಲ್ಲೇ ಇಟ್ಟುಕೊಳ್ಳುತ್ತಿದ್ದರು. ಇನ್ನೂ ತಣ್ಣಗೆ ಮಾಡಬಲ್ಲ ಯಂತ್ರಗಳು ಬಂದವು, ಅಂಕಿಯೂ ಅವುಗಳ ಹಿಂದೆಯೇ ಇಳಿಯಿತು. ತನಗೆ ಎಂಬತ್ತೇ ಬೇಕೆಂದು ಯಾವ ಅಣುವೂ ಕೇಳಿರಲಿಲ್ಲ. ನೀರು ಗಾಜಿನಂತೆ ಬಿಗಿದು, ಅದರೊಳಗಿನ ಚಲನೆ ಬಹುಮಟ್ಟಿಗೆ ನಿಂತುಹೋಗುವುದು −137 ಡಿಗ್ರಿಯ ಸುಮಾರಿಗೆ. ಜೀವಂತ ಕೋಶಗಳನ್ನು −196ರ ದ್ರವ ಸಾರಜನಕದಲ್ಲಿ ಮುಳುಗಿಸಿಡುವುದಕ್ಕೆ ಹೀಗೊಂದು ಗಟ್ಟಿ ಕಾರಣವಿದೆ. −70ಕ್ಕೂ −80ಕ್ಕೂ ನಡುವೆ ಅಂಥ ಗಡಿ ಯಾವುದೂ ಇಲ್ಲ. ಶುದ್ಧೀಕರಿಸಿದ ಡಿಎನ್‌ಎಗಂತೂ ಸಾಮಾನ್ಯವಾಗಿ −20 ಸಾಕು.

ಹತ್ತು ಡಿಗ್ರಿ ಮೇಲಕ್ಕೆ ಸರಿಸಿದರೆ ವಿದ್ಯುತ್ತಿನಲ್ಲಿ ಸುಮಾರು ಶೇ 30ರಷ್ಟು ಉಳಿತಾಯ. ಈ ಫ್ರೀಜರ್‌ಗಳಲ್ಲಿ ಹೆಚ್ಚಿನವುಗಳ ಒಳಗೆ ಎರಡು ಕಂಪ್ರೆಸರ್‌ಗಳಿರುತ್ತವೆ; ಒಂದು ಹೊರದೂಡಿದ ಶಾಖವನ್ನು ಇನ್ನೊಂದು ಹೊತ್ತು ಸಾಗಿಸುತ್ತದೆ. ತಳಕ್ಕೆ ಹೋದಷ್ಟೂ ಪ್ರತಿ ಡಿಗ್ರಿಗೂ ಹೆಚ್ಚು ಬೆಲೆ ತೆರಬೇಕು. ಮೇಲೆ ಸರಿಸಿದರೆ ಎರಡಕ್ಕೂ ಉಸಿರು, ಬಾಳಿಕೆಯೂ ಹೆಚ್ಚು.

ಆದರೂ ಗುಂಡಿ ಒತ್ತಲು ಕೈ ಮುಂದಾಗುವುದಿಲ್ಲ. ಆ ಡಬ್ಬಿಯಲ್ಲಿ ನಾಲ್ಕು ವರ್ಷದ ದುಡಿಮೆ ಇದೆ. ಕೆಟ್ಟರೆ ಹೊಣೆ ಯಾರದು? ಈ ಭಯವನ್ನು ನಾನು ಗೇಲಿ ಮಾಡಲಾರೆ. ಆದರೆ ಒಂದು ಮಾತು ಹೇಳಲೇಬೇಕು: ಇಲ್ಲಿ ಎಚ್ಚರಿಕೆಗೆ ತೆರುವ ಬೆಲೆ ಎಚ್ಚರಿಕೆ ವಹಿಸುವವರ ಕಣ್ಣಿಗೆ ಬೀಳುವುದೇ ಇಲ್ಲ. ವಿದ್ಯುತ್ ಬಿಲ್ಲು ಸಾಮಾನ್ಯವಾಗಿ ಸಂಸ್ಥೆಯ ಲೆಕ್ಕಪತ್ರ ವಿಭಾಗಕ್ಕೆ ಹೋಗುತ್ತದೆ. ಮೈಕ್ರೊಲೀಟರ್‌ಗೂ ಲೆಕ್ಕ ಇಡುವ ಸಂಶೋಧಕಿಗೆ ತನ್ನ ಫ್ರೀಜರ್ ಎಷ್ಟು ಯೂನಿಟ್ ಸುಡುತ್ತದೆಂದು ಗೊತ್ತಿರುವುದಿಲ್ಲ. ಕೇಳಿದವರೂ ಇಲ್ಲ.

ರಸಾಯನಶಾಸ್ತ್ರದ ಕಡೆಗೆ ಹೋದರೆ ಇದೇ ಕಥೆ ಗಾಳಿಯ ರೂಪದಲ್ಲಿ ಸಿಗುತ್ತದೆ. ವಿಷದ ಹಬೆಯನ್ನು ಎಳೆದು ಹೊರಹಾಕುವ ಫ್ಯೂಮ್ ಹುಡ್‌ನ ಮುಂದೆ ಮೇಲೆ ಕೆಳಗೆ ಜಾರುವ ಗಾಜಿನ ಕದವೊಂದಿರುತ್ತದೆ. ಅದು ಒಂದೂವರೆ ಮೀಟರ್ ಅಗಲವಿದ್ದು, ಅರ್ಧ ಮೀಟರ್ ತೆರೆದಿದೆ ಎಂದುಕೊಳ್ಳಿ. ಗಾಳಿ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಒಳನುಗ್ಗಿದರೆ, ಗಂಟೆಗೆ 1,350 ಘನ ಮೀಟರ್ ಗಾಳಿ ಚಿಮಣಿ ಸೇರಿತು. ಉದ್ದ, ಅಗಲ, ಎತ್ತರ ಮೂರೂ ಮೂರು ಮೀಟರ್ ಇರುವ ಕೋಣೆಯನ್ನು ಗಂಟೆಗೆ ಐವತ್ತು ಸಲ ಬರಿದು ಮಾಡಿದ ಹಾಗೆ. ದುಬಾರಿಯಾಗಿರುವುದು ಫ್ಯಾನಲ್ಲ, ಈ ಗಾಳಿ. ಅದನ್ನು ಯಂತ್ರಗಳು ತಂಪು ಮಾಡಿಯೋ ಬಿಸಿ ಮಾಡಿಯೋ, ತೇವ ಹಿಂಡಿಯೋ ಕೋಣೆಗೆ ತಂದಿರುತ್ತವೆ. ರಾತ್ರಿ ಎಲ್ಲರೂ ಹೊರಟುಹೋದ ಮೇಲೂ ಕದ ತೆರೆದೇ ಇದ್ದರೆ, ಖಾಲಿ ಕೊಠಡಿಯ ಹದವಾದ ಗಾಳಿ ಬೆಳಗಿನವರೆಗೂ ಆಕಾಶ ಸೇರುತ್ತಿರುತ್ತದೆ.

ಕದ ಕೆಳಗೆಳೆಯಲು ಎರಡು ಸೆಕೆಂಡ್ ಸಾಕು. ಇದಕ್ಕಾಗಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಯೋಗಾಲಯಗಳ ನಡುವೆ ಸ್ಪರ್ಧೆಯನ್ನೇ ಏರ್ಪಡಿಸಿದರು. ಆದರೆ ಎಲ್ಲ ಹುಡ್‌ಗಳಲ್ಲೂ ಇದರಿಂದ ವಿದ್ಯುತ್ ಉಳಿಯುವುದಿಲ್ಲ. ಹಳೆಯ ವಿನ್ಯಾಸದವು ಕದ ಮುಚ್ಚಿದರೂ ಬೇರೆ ಕಿಂಡಿಯಿಂದ ಅಷ್ಟೇ ಗಾಳಿಯನ್ನು ಎಳೆಯುತ್ತವೆ. ಯಾವುದು ಎಂಥದ್ದೆಂದು ಕಟ್ಟಡದ ಎಂಜಿನಿಯರನ್ನೇ ಕೇಳಬೇಕು; ಸಂಶೋಧಕರು ಸಾಮಾನ್ಯವಾಗಿ ಭೇಟಿಯಾಗದ ಮನುಷ್ಯ ಅವರು.

ಇನ್ನು ಪ್ಲಾಸ್ಟಿಕ್. ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದ ಮೂವರು ಸಂಶೋಧಕರು ತಮ್ಮ ಜೀವವಿಜ್ಞಾನ ವಿಭಾಗದ 2014ರ ಪ್ಲಾಸ್ಟಿಕ್ ಕಸವನ್ನು ಲೆಕ್ಕ ಹಾಕಿದರು. ಸುಮಾರು 280 ಮಂದಿಯಿಂದ ವರ್ಷಕ್ಕೆ 267 ಟನ್, ಹತ್ತಿರ ಹತ್ತಿರ ತಲೆಗೊಂದು ಟನ್. ಅದೇ ಆಧಾರದಲ್ಲಿ ಇಡೀ ಜಗತ್ತಿನ ಇಂಥ ಪ್ರಯೋಗಾಲಯಗಳಿಗೆ ಅವರು ಕಟ್ಟಿದ ಅಂದಾಜು ವರ್ಷಕ್ಕೆ 55 ಲಕ್ಷ ಟನ್. ಒಂದೇ ವಿಭಾಗವನ್ನು ನೋಡಿ ಜಗತ್ತನ್ನು ಅಳೆದದ್ದು ಹೌದಾದ್ದರಿಂದ ಎರಡನೆಯ ಸಂಖ್ಯೆಯನ್ನು ತುಸು ಸಡಿಲವಾಗಿಯೇ ಹಿಡಿಯೋಣ. ಮೊದಲನೆಯದೇ ಸಾಕಷ್ಟು ಭಾರವಾಗಿದೆ.

ಗಾಜಿಗೆ ಮರಳಿ ಎಂದು ಹೇಳುವುದು ಸುಲಭ. ಒಂದು ಕಾಲದಲ್ಲಿ ಗಾಜಿನ ಪಿಪೆಟ್ಟನ್ನು ಬಾಯಲ್ಲಿ ಕಚ್ಚಿ ರೋಗಾಣುಗಳ ದ್ರವವನ್ನು ಹೀರುತ್ತಿದ್ದರು. ಅದು ಗಂಟಲಿಗಿಳಿದು ಕಾಯಿಲೆ ಬಿದ್ದವರಿದ್ದಾರೆ. 1957ರಲ್ಲಿ ಜರ್ಮನಿಯ ಹೈನ್ರಿಶ್ ಷ್ನಿಟ್ಗರ್ ರೂಪಿಸಿದ, ಹೆಬ್ಬೆರಳಿನಿಂದ ಒತ್ತುವ ಪಿಪೆಟ್ ಆ ಅಪಾಯವನ್ನು ತೊಲಗಿಸಿತು. ಅದರ ತುದಿಗೆ ಸಿಕ್ಕಿಸಿ ಬಿಸಾಡುವ ಪ್ಲಾಸ್ಟಿಕ್ ಟಿಪ್ ನಾವು ಅದಕ್ಕೆ ತೆತ್ತ ಬೆಲೆ. ಪ್ಲಾಸ್ಟಿಕ್ಕನ್ನು ಬೈಯುವ ಮುನ್ನ ಇದನ್ನು ನೆನೆಯಬೇಕು.

ಹಾಗಾದರೆ ಉಳಿತಾಯ ಎಲ್ಲಿದೆ? ಕೆಲಸದ ಕ್ರಮದಲ್ಲಿ. 96 ಗುಳಿಗಳ ತಟ್ಟೆಯಲ್ಲಿ ಪಿಸಿಆರ್, ಅಂದರೆ ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪ್ರಯೋಗ, ಮಾಡುತ್ತಿದ್ದೀರಿ ಎನ್ನೋಣ. ಅದಕ್ಕೆ ಬೇಕಾದ ಬಫರ್, ಪ್ರೈಮರ್, ಕಿಣ್ವ ಎಂಬ ಮೂರು ದ್ರವಗಳನ್ನೂ ಪ್ರತಿ ಗುಳಿಗೂ ಬೇರೆ ಬೇರೆಯಾಗಿ, ಪ್ರತಿಸಲ ಟಿಪ್ ಬದಲಿಸುತ್ತ ಹಾಕಿದರೆ 288 ಟಿಪ್. ಮಾದರಿಗಳಿಗೆ ಮತ್ತೆ 96. ಮೂರನ್ನೂ ಮೊದಲೇ ಒಂದೇ ಟ್ಯೂಬಿನಲ್ಲಿ ಬೆರೆಸಿಟ್ಟುಕೊಂಡು ಖಾಲಿ ಗುಳಿಗಳಿಗೆ ಹಂಚಿದರೆ, ಆ 288ರ ಜಾಗದಲ್ಲಿ ನಾಲ್ಕೈದು ಸಾಕು. ಗುಳಿಯಿಂದ ಗುಳಿಗೆ ಅಳತೆಯ ಏರುಪೇರೂ ತಗ್ಗುತ್ತದೆ. ಅಂದಹಾಗೆ, ಸರಿಯಾಗಿ ಯೋಜಿಸದೆ ಕೆಟ್ಟು, ಮತ್ತೆ ಮಾಡಬೇಕಾಗಿ ಬಂದ ಪ್ರಯೋಗಕ್ಕಿಂತ ದೊಡ್ಡ ಕಸ ಪ್ರಯೋಗಾಲಯದಲ್ಲಿ ಇನ್ನೊಂದಿಲ್ಲ.

ಎಲ್ಲ ವಿಜ್ಞಾನದ ಹೊರೆಯೂ ಒಂದೇ ಬಗೆಯದಲ್ಲ. ಜಿನೀವಾ ಬಳಿಯ ಕಣಭೌತ ಪ್ರಯೋಗಾಲಯ ಸರ್ನ್‌ನಿಂದ ನೇರವಾಗಿ ಹೊಮ್ಮುವ ಹಸಿರುಮನೆ ಅನಿಲಗಳಲ್ಲಿ ಬಹುಪಾಲು ಕಣ ಪತ್ತೆ ಯಂತ್ರಗಳಲ್ಲಿ ಬಳಸುವ ಫ್ಲೋರಿನ್‌ಯುಕ್ತ ಅನಿಲಗಳದ್ದು. ದೊಡ್ಡ ಕಂಪ್ಯೂಟರುಗಳನ್ನು ನಂಬಿದವರಿಗೆ ಹೊರೆ ಡೇಟಾ ಕೇಂದ್ರದಲ್ಲಿರುತ್ತದೆ, ಅವರ ಮೇಜಿನ ಮೇಲೆ ಕಾಣುವುದು ಬರಿಯ ಪರದೆ.

ಅಮೆರಿಕದ ಮೈ ಗ್ರೀನ್ ಲ್ಯಾಬ್ ಎಂಬ ಸಂಸ್ಥೆ, ಹಾಗೆಯೇ ಲಂಡನ್ನಿನ ಯೂನಿವರ್ಸಿಟಿ ಕಾಲೇಜು ರೂಪಿಸಿದ ಲೀಫ್ ಎಂಬ ಯೋಜನೆ, ಇಂಥ ವಿಷಯಗಳನ್ನು ಪಟ್ಟಿ ಮಾಡಿ ಪ್ರಯೋಗಾಲಯಗಳಿಗೆ ಪ್ರಮಾಣಪತ್ರ ಕೊಡುತ್ತಿವೆ. ಸಂಶೋಧನೆಗೆ ಹಣ ನೀಡುವ ಬ್ರಿಟನ್ನಿನ ವೆಲ್‌ಕಮ್ ಸಂಸ್ಥೆ ಅಂಥ ಪ್ರಮಾಣಪತ್ರವನ್ನು ಷರತ್ತಾಗಿಸಿದೆ. ಗೋಡೆಗೆ ಅಂಟಿಸುವ ಚೀಟಿಗಳ ಮೇಲೆ ನನಗೆ ಅಂಥ ನಂಬಿಕೆಯಿಲ್ಲ. ಹಣ ಕೊಡುವವರು ಕೇಳುವ ಪ್ರಶ್ನೆಯ ಮೇಲೆ ಇದೆ. ಕಾಣದ ಬಿಲ್ಲು ಆಗ ಅರ್ಜಿಯ ಪುಟಕ್ಕೆ ಬಂದು ಕೂರುತ್ತದೆ.

ಅಷ್ಟರಲ್ಲಿ ಫ್ರೀಜರ್ ಖಾಲಿ ಮಾಡುವ ದಿನವೂ ಬರುತ್ತದೆ. ದಪ್ಪ ಕೈಗವಸು ತೊಟ್ಟು, ಹಿಮ ಕೆರೆದು, ಡಬ್ಬಿಗಳನ್ನು ಒಂದೊಂದಾಗಿ ಹೊರತೆಗೆಯುತ್ತಾರೆ. ಅರ್ಧದಷ್ಟರ ಮೇಲೆ ಎಂದೋ ಪದವಿ ಪಡೆದು ಹೋದವರ ಹೆಸರು. ಅವು ವಿಲೇವಾರಿಯ ರಾಶಿಗೆ. ಒಂದು ಡಬ್ಬಿಯ ಮೇಲಿನ ಮಾರ್ಕರ್ ಬರಹ ಅಳಿಸಿ ನೀಲಿ ಮಸುಕಾಗಿ ಉಳಿದಿದೆ. ತಿರುಗಿಸಿ ನೋಡುತ್ತಾರೆ, ಬೆಳಕಿಗೆ ಹಿಡಿದು ನೋಡುತ್ತಾರೆ, ಯಾರಿಗೂ ಓದಲಾಗುವುದಿಲ್ಲ. ಮುಖ ಮುಖ ನೋಡಿಕೊಂಡು ಅದನ್ನು ಮತ್ತೆ ಒಳಗಿಡುತ್ತಾರೆ.