ಮಂಗಳವಾರದ ಮೃಗಾಲಯ

ಮೈಸೂರಿಗೆ ಹೊರಟ ನೆಂಟರು ಫೋನ್ ಮಾಡಿದರೆ ನಾನು ಮೊದಲು ಹೇಳುವುದು ಇಷ್ಟೇ: ಮಂಗಳವಾರ ಹೋಗಬೇಡಿ, ಮೃಗಾಲಯಕ್ಕೆ ರಜೆ. ಮೃಗಾಲಯದ ವೈದ್ಯರಿಗೆ ಮಾತ್ರ ರಜೆಯ ದಿನವೇ ಕೈತುಂಬ ಕೆಲಸ. ಬೇಲಿಯ ದುರಸ್ತಿ, ಪ್ರಾಣಿಗಳ ಸ್ಥಳಾಂತರ, ಲಸಿಕೆ ಎಲ್ಲವೂ ಜನರಿಲ್ಲದ ಹೊತ್ತಿಗಾಗಿ ಕಾದಿರುತ್ತವೆ. ಅನೇಕ ಮೃಗಾಲಯಗಳಲ್ಲಿ ಹುಲಿ, ಸಿಂಹಗಳ ವಾರದ ಉಪವಾಸವೂ ಅಂದೇ. ಕಾಡಿನಲ್ಲಿ ದಿನವೂ ಬೇಟೆ ಸಿಗುವುದಿಲ್ಲ, ಅವುಗಳ ಹೊಟ್ಟೆ ಅದಕ್ಕೆ ಒಗ್ಗಿದೆ. ‘ಪಾಪ, ಹುಲಿಯನ್ನು ಉಪವಾಸ ಕೆಡವುತ್ತಾರಂತೆ’ ಎಂದು ಮರುಗುವವರಿಗೆ ನಾನು ಏಕಾದಶಿಯನ್ನು ನೆನಪಿಸುತ್ತೇನೆ.

1892ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು ಹತ್ತು ಎಕರೆಯಲ್ಲಿ ಆರಂಭಿಸಿದಾಗ ಇದು ಅರಮನೆಯ ಸ್ವತ್ತು. ಮೊದಲ ಮೇಲ್ವಿಚಾರಕ ಎ.ಸಿ. ಹ್ಯೂಸ್ ಎಂಬ ಆಂಗ್ಲರು. ಚಾಮರಾಜೇಂದ್ರ ಮೃಗಾಲಯ ಎಂಬ ಹೆಸರು ಬಂದದ್ದು 1909ರಲ್ಲಿ. ಸ್ವಾತಂತ್ರ್ಯದ ಮರುವರ್ಷ ಇದನ್ನು ವಹಿಸಿಕೊಂಡದ್ದು ಉದ್ಯಾನಗಳ ಇಲಾಖೆ, ಅರಣ್ಯ ಇಲಾಖೆಯ ಕೈಗೆ ಬಂದದ್ದು 1972ರಲ್ಲಿ. ಅಂದರೆ ಸುಮಾರು ಕಾಲು ಶತಮಾನ ಹುಲಿ, ಆನೆಗಳು ಸರ್ಕಾರದ ಕಡತದಲ್ಲಿ ಗುಲಾಬಿ ಗಿಡಗಳ ಜೊತೆಗಿದ್ದವು! ನಗುವ ಮಾತಲ್ಲ. ಪ್ರಾಣಿ ನೋಡುವವರ ಕಣ್ಣಿಗೆ ಚೆನ್ನಾಗಿ ಕಾಣಬೇಕು ಎಂಬುದೇ ಆ ಕಾಲದ ಲೆಕ್ಕ. ಪಕ್ಕದ ಕಾರಂಜಿ ಕೆರೆ 1976ರಲ್ಲಿ ಸೇರಿತು. ಈಗ ಒಟ್ಟು ವಿಸ್ತೀರ್ಣ ಸುಮಾರು 157 ಎಕರೆ.

ನನಗೆ ಇಸವಿಗಳಿಗಿಂತ ಮುಖ್ಯವಾಗಿ ಕಾಣುವುದು ಕಂದಕ. 1907ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಬಳಿ ಕಾರ್ಲ್ ಹೇಗನ್‌ಬೆಕ್ ಎಂಬ ಪ್ರಾಣಿ ವ್ಯಾಪಾರಿ, ಸರಳುಗಳ ಬದಲು ಕಂದಕ ತೋಡಿ ಪ್ರಾಣಿಗಳನ್ನು ಬಯಲಿನಲ್ಲಿ ತೋರಿಸಿದ. ಆ ಪದ್ಧತಿ ಲೋಕವೆಲ್ಲ ಹರಡಿತು, ಮೈಸೂರಿಗೂ ಬಂದಿತು. ಪ್ರಾಣಿಗೆ ಮಣ್ಣು, ಮರ, ಓಡಾಡಲು ಜಾಗ ಸಿಕ್ಕಿದವು. ವೈದ್ಯನಿಗೆ ಮಾತ್ರ ರೋಗಿ ದೂರವಾಯಿತು. ಕಿರಿದಾದ ಬೋನಿನಲ್ಲಾದರೆ ಉಸಿರಾಟ ಎಣಿಸಬಹುದಿತ್ತು, ಹುಣ್ಣಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಈಗ ಕಂದಕದ ಆಚೆ ಮರದಡಿ ಮಲಗಿದ ಸಿಂಹ ನಿದ್ರಿಸುತ್ತಿದೆಯೋ ನರಳುತ್ತಿದೆಯೋ ಎಂಬುದು ದುರ್ಬೀನಿಗೂ ತಿಳಿಯದು. ಕಾಡುಪ್ರಾಣಿ ನೋವನ್ನು ಮುಚ್ಚಿಡುತ್ತದೆ, ಕುಂಟಿದವನನ್ನೇ ಬೇಟೆಗಾರ ಮೊದಲು ಹಿಡಿಯುತ್ತಾನೆ ಎಂಬುದು ಅದರ ರಕ್ತಕ್ಕೆ ಗೊತ್ತು.

ಹಾಗಾಗಿ ನನ್ನ ರೋಗಪತ್ತೆ ಶುರುವಾಗುವುದು ಪ್ರಾಣಿಪಾಲಕರ ಮಾತಿನಿಂದ. ‘ಸಾರ್, ನಿನ್ನೆ ಅದು ತಿರುಗಿ ನೋಡಲಿಲ್ಲ’ ಎಂದು ಪಾಲಕರೊಬ್ಬರು ಹೇಳಿದರೆ ಮೈಕ್ರೋಸ್ಕೋಪಿಗಿಂತ ಮೊದಲು ಅದನ್ನು ನಂಬುತ್ತೇನೆ.

ಹಿಡಿಯುವುದು ಇನ್ನೂ ಕಷ್ಟ. ಜಿಂಕೆಯನ್ನು ಅಟ್ಟಾಡಿಸಿ ಹಿಡಿದರೆ ಔಷಧ ಕೊಡುವ ಮೊದಲೇ ಅದನ್ನು ಕೊಂದ ಹಾಗೆ. ಭಯ, ಓಟಗಳಿಂದ ಸ್ನಾಯುಗಳು ಹಾಳಾಗಿ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿ, ಮೂತ್ರಪಿಂಡ ಸೋತು, ಕೆಲವೊಮ್ಮೆ ಎರಡು ಮೂರು ದಿನ ಕಳೆದ ಮೇಲೆ ಸಾಯುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಒಂದು ಜಿಂಕೆಯನ್ನು ಹೀಗೆ ಕಳೆದುಕೊಂಡಿದ್ದೇನೆ. ಜಿರಾಫೆಯದು ಬೇರೆಯೇ ಕಥೆ. ಅಷ್ಟೆತ್ತರದ ತಲೆಗೆ ರಕ್ತ ಏರಿಸಲು ಅದರ ರಕ್ತದೊತ್ತಡ ನಮ್ಮದರ ಸುಮಾರು ಎರಡರಷ್ಟಿರುತ್ತದೆ. ಅರಿವಳಿಕೆ ಕೊಟ್ಟಾಗ ಕುಸಿದು ಬಿದ್ದರೆ ಕತ್ತಿಗೆ ಪೆಟ್ಟು, ತಲೆ ಕೆಳಗಾದರೆ ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕೆ. ಮೈಸೂರಿನಲ್ಲಿ ಜಿರಾಫೆಗಳು ಚೆನ್ನಾಗಿ ಮರಿಹಾಕಿ ಬೇರೆ ಮೃಗಾಲಯಗಳಿಗೂ ಹೋಗಿವೆ ಎಂದಾಗಲೆಲ್ಲ, ಅವುಗಳ ಗೊರಸು ಸವರಿದವರ ಎದೆಬಡಿತ ನನಗೆ ಕೇಳಿಸುತ್ತದೆ.

ಪೋಲೋ ಎಂಬ ಗೊರಿಲ್ಲಾವನ್ನು ನೋಡಿದವರು ಮರೆತಿರಲಾರರು. 1995ರಲ್ಲಿ ಡಬ್ಲಿನ್‌ನಿಂದ ಬಂದ ಅವನು 2014ರಲ್ಲಿ ಸಾಯುವಾಗ ಇಡೀ ಭಾರತಕ್ಕೆ ಒಬ್ಬನೇ ಗೊರಿಲ್ಲಾ. ಊಟ, ಔಷಧ ಒದಗಿಸಬಹುದು, ಒಂಟಿತನಕ್ಕೆ ನಮ್ಮ ಔಷಧದ ಬೀರುವಿನಲ್ಲಿ ಏನೂ ಇಲ್ಲ. 2021ರಲ್ಲಿ ಜರ್ಮನಿಯಿಂದ ಥಾಬೋ, ಡೆಂಬಾ ಎಂಬ ಎರಡು ಗಂಡುಗಳು ಒಟ್ಟಿಗೇ ಬಂದವು. ಎರಡೂ ಗಂಡೇ ಏಕೆ ಎಂದು ಕೇಳುವವರಿದ್ದಾರೆ. ಕಾಡಿನಲ್ಲಿಯೂ ಹರೆಯದ ಗಂಡು ಗೊರಿಲ್ಲಾಗಳು ಗುಂಪು ಕಟ್ಟಿಕೊಂಡಿರುವುದುಂಟು. ಅಂದಹಾಗೆ ನಮ್ಮ ನೆಗಡಿ ಗೊರಿಲ್ಲಾಗೆ ಸಲೀಸಾಗಿ ಅಂಟುತ್ತದೆ. ಸೀನುತ್ತಿದ್ದರೆ ದಯವಿಟ್ಟು ಹಿಂದೆ ನಿಲ್ಲಿ.

ದೂರವಾದ ರೋಗಿಯನ್ನು ಹತ್ತಿರ ಕರೆಯುವ ಉಪಾಯ ಈಗ ಸಿಕ್ಕಿದೆ. ಊದುಗೊಳವೆಯಿಂದ ಸೂಜಿ ಹಾರಿಸುವ ಬದಲು ಪ್ರಾಣಿಗೇ ಅಭ್ಯಾಸ ಮಾಡಿಸುವುದು. ನಾನು ಕೆಲಸ ಮಾಡುತ್ತಿದ್ದ ಒಂದು ಮೃಗಾಲಯದಲ್ಲಿ ಹೆಣ್ಣುಹುಲಿಯೊಂದಕ್ಕೆ ಪಾಲಕರು ನಾಲ್ಕು ತಿಂಗಳು ದಿನವೂ ಕೋಲಿನ ತುದಿಯ ಮಾಂಸ ತೋರಿಸಿ, ಜಾಲರಿಗೆ ಒರಗಿ ಮಲಗುವುದನ್ನು ಕಲಿಸಿದರು. ಕೊನೆಗೊಂದು ರಜೆಯ ದಿನ ಅವರು ಕಿಂಡಿಯಿಂದ ಬಾಲವನ್ನು ಮೆಲ್ಲಗೆ ಹೊರಗೆಳೆದು ಹಿಡಿದರು. ಹುಲಿ ಮಾಂಸ ನೆಕ್ಕುತ್ತಿತ್ತು. ಅರಿವಳಿಕೆಯಿಲ್ಲದೆ ರಕ್ತ ತೆಗೆದೆ. ಮುಗಿದ ಮೇಲೆ ಅದು ಎದ್ದು, ಪಾಲಕರ ಕಡೆ ಮೂಗಿನಲ್ಲಿ ಪುಸಪುಸ ಸದ್ದು ಮಾಡಿತು. ಹುಲಿಗಳ ಭಾಷೆಯಲ್ಲಿ ಅದು ನಮಸ್ಕಾರ. ಆಮೇಲೆ ನನ್ನತ್ತ ತಿರುಗಿ ಹಲ್ಲು ಕಿರಿದು ಗುರುಗುಟ್ಟಿತು.