ವಿಡಿಯೊ ಬರ್ತದ, ಸೌಂಡ್ ಬರವಲ್ದು

ಕಲಬುರಗಿಯ ಮೊಬೈಲ್ ಅಂಗಡಿಗಳಲ್ಲಿ ಮದುವೆ ಸೀಸನ್ ಮುಗಿದ ಮೇಲೆ ಈ ದೂರು ಹೆಚ್ಚು. ಸ್ಟುಡಿಯೊದವರು ಪೆನ್‌ಡ್ರೈವ್‌ಗೆ ಹಾಕಿಕೊಟ್ಟ ಫೈಲು ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡುತ್ತದೆ. ಫೋನಿನಲ್ಲಿ ಅಕ್ಷತೆ ಬೀಳುವುದು ಕಾಣುತ್ತದೆ, ಬಾಜಾಬಜಂತ್ರಿ ಕೇಳುವುದಿಲ್ಲ.

ಫೈಲು ಕೆಟ್ಟಿಲ್ಲ. ಎಂಕೆವಿ, ಎಂಪಿ4 ಅನ್ನುವುದೆಲ್ಲ ಬರೀ ಡಬ್ಬಿಯ ಹೆಸರು. ಒಳಗೆ ಚಿತ್ರದ ಕೋಡೆಕ್ (ಕುಗ್ಗಿಸಿ ಬರೆದು ಮತ್ತೆ ಬಿಡಿಸುವ ವಿಧಾನ) ಬೇರೆ, ಧ್ವನಿಯದು ಬೇರೆ. 2006ರಲ್ಲಿ ಸೋನಿ, ಪ್ಯಾನಸೋನಿಕ್ ಸೇರಿ ತಂದ ಎವಿಸಿಎಚ್‌ಡಿ ರೆಕಾರ್ಡಿಂಗ್ ಮಾದರಿಯ ಕ್ಯಾಮೆರಾಗಳು ಚಿತ್ರವನ್ನು ಎಚ್.264ರಲ್ಲಿ, ಧ್ವನಿಯನ್ನು ಸಾಮಾನ್ಯವಾಗಿ ಡಾಲ್ಬಿಯ ಎಸಿ3ಯಲ್ಲಿ ಬರೆಯುತ್ತವೆ. ಆಂಡ್ರಾಯ್ಡ್ ಜತೆಗೆ ಎಎಸಿ, ಎಂಪಿ3, ಓಪಸ್ ಧ್ವನಿಯನ್ನು ಬಿಡಿಸಿ ಓದುವ ಡಿಕೋಡರ್‌ಗಳು ಬರುತ್ತವೆ. ಎಸಿ3, ಅದರಂತೆಯೇ ಇನ್ನೊಂದು ಧ್ವನಿ ಕೋಡೆಕ್ ಆದ ಡಿಟಿಎಸ್ ಬರುವುದಿಲ್ಲ. ಅವು ಬೇಕಿದ್ದರೆ ಫೋನ್ ಕಂಪನಿ ಲೈಸೆನ್ಸ್ ಪಡೆದು ಸೇರಿಸಬೇಕು. ಮೂಲ ಎಸಿ3ಯ ಪೇಟೆಂಟುಗಳು 2017ರಲ್ಲೇ ತೀರಿದರೂ ಅಗ್ಗದ ಫೋನುಗಳಿಗೆ ಅದು ಬಂದು ಸೇರಿದ್ದು ಕಡಿಮೆಯೇ.

ಸುಲಭದ ದಾರಿ ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್ ಆಪ್. ಡಿಕೋಡರ್‌ಗಳನ್ನು ತಾನೇ ಹೊತ್ತು ತರುವುದರಿಂದ ಫೋನಿನ ಹಂಗಿಲ್ಲ. ಎಂಎಕ್ಸ್ ಪ್ಲೇಯರೇ ಬೇಕೆನ್ನುವವರು ಸೆಟ್ಟಿಂಗ್ಸ್‌ನಲ್ಲಿ ಡಿಕೋಡರ್ ತೆರೆದು ಕೆಳಗೆ ಕಸ್ಟಮ್ ಕೋಡೆಕ್ ಸಾಲು ನೋಡಬೇಕು. ಅಲ್ಲಿ ‘ಎಆರ್‌ಎಂವಿ8 ನಿಯಾನ್’ ಎಂಬಂಥ ಪ್ರೊಸೆಸರ್ ಬಗೆಯ ಹೆಸರೂ ಆವೃತ್ತಿ ಸಂಖ್ಯೆಯೂ ಇರುತ್ತವೆ. ಎರಡೂ ಹೊಂದುವ ಫೈಲನ್ನೇ ಇಳಿಸಿಕೊಂಡು ಅಲ್ಲಿಂದ ಆಯ್ದುಕೊಳ್ಳಬೇಕು. ಮುಗ್ಗರಿಸುವುದು ಬಹುತೇಕ ಇಲ್ಲೇ: ಪ್ಲೇಯರ್ ಅಪ್‌ಡೇಟ್ ಆಗಿ ಆವೃತ್ತಿ ಬದಲಾದರೆ ಹಳೆಯ ಕೋಡೆಕ್ ನಡೆಯುವುದಿಲ್ಲ, ಸದ್ದು ಮತ್ತೆ ಬಂದ್.

ಧ್ವನಿಯ ಡಿಕೋಡಿಂಗ್ ಪ್ರೊಸೆಸರಿಗೆ ಚಿಲ್ಲರೆ ಕೆಲಸ, ಚಿತ್ರದ್ದು ಹಾಗಲ್ಲ. ಈಗಿನ ಕ್ಯಾಮೆರಾಗಳ 4:2:2, 10 ಬಿಟ್ (ಬಣ್ಣದ ವಿವರ ಹೆಚ್ಚಿರುವ) ವಿಡಿಯೊವನ್ನು ಬಹುತೇಕ ಫೋನುಗಳ ಹಾರ್ಡ್‌ವೇರ್ ಡಿಕೋಡರ್ ಮುಟ್ಟುವುದಿಲ್ಲ, ಅದು ಬಲ್ಲದ್ದು ಬಣ್ಣದ ವಿವರ ಕಡಿಮೆಯಿರುವ 4:2:0 ಮಾತ್ರ. ಆಗ ಎಲ್ಲ ಭಾರ ಸಾಫ್ಟ್‌ವೇರ್ ಮೇಲೆ. ಮೇ ತಿಂಗಳಲ್ಲಿ ನಮ್ಮಲ್ಲಿ ನೆರಳೇ 42 ಡಿಗ್ರಿ; 4ಕೆ ಫೈಲು ಹಚ್ಚಿದರೆ ಫೋನಿನ ಬೆನ್ನು ತವೆಯಂತೆ ಕಾದು, ಪ್ರೊಸೆಸರ್ ತನ್ನ ವೇಗ ತಾನೇ ತಗ್ಗಿಸಿಕೊಂಡು, ಚಿತ್ರ ಕುಂಟತೊಡಗುತ್ತದೆ. ಇದಕ್ಕೆ ಯಾವ ಕೋಡೆಕ್ ಹಾಕಿದರೂ ಉಪಯೋಗವಿಲ್ಲ. 4:2:0, 8 ಬಿಟ್‌ನ 1080ಪಿ ಪ್ರತಿಯೊಂದನ್ನು ಸ್ಟುಡಿಯೊದಿಂದಲೇ ಕೇಳಿ ಪಡೆಯಬೇಕು.

ಸದ್ದಷ್ಟೇ ತೊಂದರೆಯಾದರೆ ಇಡೀ ಫೈಲನ್ನು ಕನ್ವರ್ಟ್ ಮಾಡಿಸಬೇಡಿ. ಕಂಪ್ಯೂಟರಿನಲ್ಲಿ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಪರಿವರ್ತಿಸುವ ಸಾಫ್ಟ್‌ವೇರ್ ಇದ್ದರೆ ಚಿತ್ರವನ್ನು ಇದ್ದ ಹಾಗೇ ಕಾಪಿ ಮಾಡಿಸಿ, ಧ್ವನಿಯನ್ನು ಮಾತ್ರ 192 ಕಿಲೊಬಿಟ್ ಎಎಸಿಗೆ ತಿರುಗಿಸಬಹುದು. ಚಿತ್ರದ ಗುಣಮಟ್ಟ ಕೂದಲೆಳೆಯಷ್ಟೂ ಇಳಿಯುವುದಿಲ್ಲ, ಒಂದು ಗಂಟೆಯ ಧ್ವನಿ ಸುಮಾರು 86 ಎಂಬಿಯಲ್ಲಿ ಮುಗಿಯುತ್ತದೆ.