ಲಿನಕ್ಸ್‌ನಲ್ಲಿ ಕಾಯಬೇಕಾದ್ದು ರೂಟ್ ಅಲ್ಲ, ಹೋಮ್ ಫೋಲ್ಡರ್

ಹೋದ ವಾರ ತುಮಕೂರಿನ ಬಸ್ ನಿಲ್ದಾಣದ ಹತ್ತಿರ ಒಂದು ಜೆರಾಕ್ಸ್ ಅಂಗಡಿಯಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ತೆಗೆಸಿದೆ. ರೂಮಿಗೆ ಬಂದು ಪೆನ್‌ಡ್ರೈವನ್ನು ನನ್ನ ಲಿನಕ್ಸ್ ಮಿಂಟ್ (ವಿಂಡೋಸ್ ಬದಲು ಬಳಸುವ ಲಿನಕ್ಸ್‌ನ ಒಂದು ಬಗೆ) ಲ್ಯಾಪ್‌ಟಾಪಿಗೆ ಚುಚ್ಚಿದರೆ ಫೈಲುಗಳೇ ಇಲ್ಲ. ಇದ್ದದ್ದು ಒಂದು ಶಾರ್ಟ್‌ಕಟ್, ಪಕ್ಕದಲ್ಲಿ ಹೆಸರೇ ಕಾಣದ ಒಂದು ಫೋಲ್ಡರ್. ತೆರೆದು ನೋಡಿದೆ, ರಿಪೋರ್ಟ್ ಅದರೊಳಗೇ ಇತ್ತು. ವಿಂಡೋಸ್‌ಗೆಂದು ಬರೆದ ವೈರಸ್ ಅದು: ಫೈಲುಗಳನ್ನು ಅಡಗಿಸಿಟ್ಟು, ನಾವು ಶಾರ್ಟ್‌ಕಟ್ ಒತ್ತುವುದನ್ನೇ ಕಾಯುತ್ತದೆ. ವಿಂಡೋಸ್‌ನ ಆ 'ಅಡಗಿಸು' ಗುರುತನ್ನು ಲಿನಕ್ಸ್‌ನ ಫೈಲ್ ಮ್ಯಾನೇಜರ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಕಣ್ಣಿಗೆ ಬಿತ್ತು.

"ನೋಡ್ದಾ, ಲಿನಕ್ಸ್‌ಗೆ ವೈರಸ್ ಬರಲ್ಲ ಕಣೋ" ಅಂದ ರೂಮ್‌ಮೇಟ್. ಆ ಮಾತು ಎಷ್ಟು ನಿಜ ಎಂದು ಓದಿ ಮಾಡಿಕೊಂಡ ಟಿಪ್ಪಣಿ ಇದು.

ರೂಟ್, ಅಂದರೆ ಸಿಸ್ಟಂ ಮೇಲೆ ಪೂರ್ತಿ ಅಧಿಕಾರವಿರುವ ಖಾತೆಯ ಅನುಮತಿ ಇಲ್ಲದೆ ಸಿಸ್ಟಂ ಫೈಲುಗಳನ್ನು ಬದಲಿಸಲಾಗದು ಎನ್ನುವುದು ಸರಿ. ಆದರೆ ಸಿಸ್ಟಂ ಕೆಟ್ಟರೆ ಮತ್ತೆ ಇನ್‌ಸ್ಟಾಲ್ ಮಾಡಿಕೊಳ್ಳಬಹುದು. ಮಾರ್ಕ್ಸ್ ಕಾರ್ಡ್ ಸ್ಕ್ಯಾನ್, ಮನೆಯವರ ಫೋಟೊ, ಬ್ರೌಸರಿನ ಲಾಗಿನ್ ಕುಕೀ, ಇವೆಲ್ಲ ಇರುವುದು ಬಳಕೆದಾರನ ಸ್ವಂತ ಹೋಮ್ ಫೋಲ್ಡರಿನಲ್ಲಿ. ನಾವು ಓಡಿಸಿದ ಸ್ಕ್ರಿಪ್ಟ್ ನಮ್ಮ ಹೆಸರಿನಲ್ಲೇ ಓಡುತ್ತದೆ. ಇವನ್ನು ಓದಲು ಅದಕ್ಕೆ ಯಾರ ಪಾಸ್‌ವರ್ಡೂ ಬೇಡ. ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದಾಗ ಓಡುವ ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಒಂದು ಸಾಲು ಸೇರಿಸಿ, ರೂಟ್ ಅಧಿಕಾರ ಕೊಡಿಸುವ ಸುಡೋ ಹೆಸರಿನಲ್ಲಿ ನಕಲಿ ಕಮಾಂಡ್ ಕೂರಿಸಿದರೆ ಮುಂದಿನ ಸಲ ನಾವೇ ಪಾಸ್‌ವರ್ಡ್ ಟೈಪ್ ಮಾಡಿ ಕೊಡುತ್ತೇವೆ. ನನಗೆ ನಿಜಕ್ಕೂ ಹೆದರಿಕೆ ಹುಟ್ಟಿಸಿದ್ದು ಇದು.

ಹಿಂದೆ ಆಗಿರುವುದನ್ನೂ ನೋಡಿ. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್‌ನ ವೆಬ್‌ಸೈಟಿಗೇ ನುಗ್ಗಿ, 17.3 ಸಿನಮನ್ ಆವೃತ್ತಿಯ ಡೌನ್‌ಲೋಡ್ ಲಿಂಕನ್ನು ಗುಟ್ಟಾಗಿ ಒಳನುಗ್ಗಲು ಹಿಂಬಾಗಿಲಿದ್ದ ಐಎಸ್‌ಒ (ಲಿನಕ್ಸ್ ಇನ್‌ಸ್ಟಾಲ್ ಮಾಡುವ ಫೈಲ್) ಕಡೆಗೆ ತಿರುಗಿಸಿದ್ದರು. 2018ರಲ್ಲಿ ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ ಆ್ಯಪ್ ಅಂಗಡಿಯಾದ ಸ್ನ್ಯಾಪ್ ಸ್ಟೋರಿನ ಒಂದು ಆಟದೊಳಗೆ ಕ್ರಿಪ್ಟೊ ಮೈನರ್ (ನಮ್ಮ ಕಂಪ್ಯೂಟರಿನಿಂದ ಬೇರೆಯವರಿಗೆ ಕ್ರಿಪ್ಟೊ ಹಣ ಗಳಿಸಿಕೊಡುವ ಪ್ರೋಗ್ರಾಂ) ಸಿಕ್ಕಿತು. 2025ರ ಜುಲೈನಲ್ಲಿ ಆರ್ಚ್ ಎಂಬ ಲಿನಕ್ಸ್‌ನ ಬಳಕೆದಾರರೇ ಪ್ಯಾಕೇಜ್ (ಸಾಫ್ಟ್‌ವೇರ್ ಕಟ್ಟು) ಹಾಕುವ ಎಯುಆರ್ ಸಂಗ್ರಹದಲ್ಲಿ ಫೈರ್‌ಫಾಕ್ಸ್, ಲಿಬ್ರೆವುಲ್ಫ್ ಬ್ರೌಸರುಗಳ ಹೆಸರು ಹೊತ್ತ ಪ್ಯಾಕೇಜುಗಳು ದೂರದಿಂದ ಕಂಪ್ಯೂಟರ್ ಆಳುವ ಮಾಲ್‌ವೇರನ್ನು ಹೊತ್ತು ತಂದವು. ಮೂರರಲ್ಲೂ ಇನ್‌ಸ್ಟಾಲ್ ಮಾಡಿದ ಕೈ ಬಳಕೆದಾರನದೇ.

ಹಾಗಾಗಿ ನಾನು ಸಾಫ್ಟ್‌ವೇರನ್ನು ಡಿಸ್ಟ್ರೊದ (ಮಿಂಟ್, ಉಬುಂಟುವಿನಂಥ ಲಿನಕ್ಸ್ ಬಗೆಯ) ಸ್ವಂತ ರೆಪೊಸಿಟರಿಯಿಂದಲೇ, ಅಂದರೆ ಅದರದೇ ಸಾಫ್ಟ್‌ವೇರ್ ಸಂಗ್ರಹದಿಂದಲೇ ತೆಗೆದುಕೊಳ್ಳುತ್ತೇನೆ, ಅಪ್‌ಡೇಟ್ ಮುಂದೂಡುವುದಿಲ್ಲ. ಎಲ್ಲೋ ಕಂಡ ಕಮಾಂಡನ್ನು ನೇರ ಟರ್ಮಿನಲ್ಲಿಗೆ ಅಂಟಿಸುವುದನ್ನು ಬಿಟ್ಟೆ. ವೆಬ್‌ಪುಟದಲ್ಲಿ ಕಾಣುವುದೇ ಕಾಪಿ ಆಗುತ್ತದೆ ಎಂಬ ಖಾತ್ರಿ ಇಲ್ಲ, ಮೊದಲು ಟೆಕ್ಸ್ಟ್ ಎಡಿಟರಿನಲ್ಲಿ ಹಾಕಿ ಓದುತ್ತೇನೆ. ಐಎಸ್‌ಒ ಇಳಿಸಿದರೆ ಚೆಕ್‌ಸಮ್ (ಫೈಲ್ ಬದಲಾಗಿಲ್ಲ ಎಂದು ತಾಳೆ ನೋಡುವ ಸಂಖ್ಯೆ) ಜೊತೆಗೆ ಜಿಪಿಜಿ ಸಹಿಯನ್ನೂ (ತಯಾರಿಸಿದವರ ಡಿಜಿಟಲ್ ಸಹಿ) ನೋಡಬೇಕು: ಸೈಟಿಗೆ ನುಗ್ಗಿದವರು ಅಲ್ಲಿರುವ ಚೆಕ್‌ಸಮ್ಮನ್ನೂ ಬದಲಿಸಬಲ್ಲರು. ಬ್ಯಾಕಪ್ ಬೇರೆ ಡಿಸ್ಕಿನಲ್ಲಿ. ಟೈಮ್‌ಶಿಫ್ಟ್ ಎಂಬ ಬ್ಯಾಕಪ್ ಪ್ರೋಗ್ರಾಂ ಸಾಮಾನ್ಯವಾಗಿ ಉಳಿಸುವುದು ಸಿಸ್ಟಮ್ಮನ್ನು, ನಿಮ್ಮ ಫೋಟೊಗಳನ್ನಲ್ಲ. ನಕಲಿ ಬ್ಯಾಂಕ್ ಪುಟಕ್ಕಂತೂ ವಿಂಡೋಸ್, ಲಿನಕ್ಸ್ ಎಂಬ ಭೇದವೇ ಇಲ್ಲ.

ಆ ಪೆನ್‌ಡ್ರೈವಿನಿಂದ ರಿಪೋರ್ಟನ್ನಷ್ಟೇ ಕಾಪಿ ಮಾಡಿಕೊಂಡು, ಪೂರ್ತಿ ಫಾರ್ಮ್ಯಾಟ್ ಮಾಡಿದ ಮೇಲೆಯೇ ಭಾನುವಾರ ಗುಬ್ಬಿಗೆ ಒಯ್ದೆ. ಮನೆಯಲ್ಲಿ ತಂಗಿ ಬಳಸುವುದು ವಿಂಡೋಸ್.